ಮನೆಗೊಬ್ಬ ಭೂಪ

ಎಸ್ಸೆಸ್ಸೆಲ್ಸಿ ರಿಸಲ್ಟ್ ಬಂದ ಮರುದಿನ ಊರಿನಲ್ಲಿ ಮೂರು ಹೊಸ ಜಾತಿಗಳು ಹುಟ್ಟುತ್ತವೆ. ಸೈನ್ಸ್ ಸಿಕ್ಕವರು, ಕಾಮರ್ಸ್ ಸಿಕ್ಕವರು ಮತ್ತು ‘ಏನೋ ಒಂದು ಓದ್ತಾನೆ ಬಿಡಿ’ ಅನ್ನಿಸಿಕೊಂಡವರು. ನನ್ನ ಅಕ್ಕನ ಮಗ ಮೂರನೆಯವನು. ಆ ಮೂರನೆಯ ಜಾತಿಯಲ್ಲೂ ಒಂದು ಒಳಪಂಗಡ ಇದೆ ಎಂದು ನನಗೆ ಗೊತ್ತಾದದ್ದು, ಅವನು 2022ರ ಜೂನಿನಲ್ಲಿ ಹೊಸದುರ್ಗದ ಕಡೆಯ ಹಳ್ಳಿಯಿಂದ ಬ್ಯಾಗು ಹೊತ್ತುಕೊಂಡು ಚಿತ್ರದುರ್ಗದ ನಮ್ಮ ಮನೆಗೆ ಪಿಯುಸಿ ಓದಲು ಬಂದ ಮೇಲೆ. ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ, ಇವು ಆರ್ಟ್ಸಿನ ಮಕ್ಕಳೆಲ್ಲ ತಗೊಳ್ಳುವಂಥವು. ನಾಲ್ಕನೆಯದಕ್ಕೆ ಸಮಾಜಶಾಸ್ತ್ರದ ಸಾಲು ಬಿಟ್ಟು ಭೂಗೋಳದ ಸಾಲಿನಲ್ಲಿ ಹೋಗಿ ನಿಂತವನು ಆ ಒಳಪಂಗಡದವನು. ಆ ಸಾಲು ಉದ್ದ ಇರುವುದಿಲ್ಲ.

“ಭೂಗೋಳವಾ? ಅದು ಹೈಸ್ಕೂಲಿಗೇ ಮುಗೀಲಿಲ್ವಾ?” ಎಂದು ಕೇಳಿದವರು ಒಬ್ಬಿಬ್ಬರಲ್ಲ. ನಮ್ಮ ಬಾವ ಅದಕ್ಕೊಂದು ಉತ್ತರ ಕಟ್ಟಿಟ್ಟುಕೊಂಡಿದ್ದರು. “ಐಎಎಸ್ಸಿಗೆ ಭಾಳ ಒಳ್ಳೇದಂತೆ.” ನಮ್ಮಲ್ಲಿ ಆರ್ಟ್ಸ್ ತಗೊಂಡ ಪ್ರತಿ ಹುಡುಗನೂ ಪಿಯುಸಿ ಮುಗಿಯುವ ತನಕ ಐಎಎಸ್ ಅಧಿಕಾರಿಯೇ. ಹುಡುಗನ ಉತ್ತರ ಮಾತ್ರ ಬೇರೆ ಇತ್ತು. “ನಮಗೂ ಪ್ರಾಕ್ಟಿಕಲ್ ಇದೆ ಮಾವ.” ಈ ಒಂದು ಮಾತಿಗಾಗಿಯೇ ಅರ್ಧ ಮಕ್ಕಳು ಭೂಗೋಳ ತಗೊಳ್ಳುತ್ತಾರೆಂದು ನನ್ನ ಗುಮಾನಿ. ಸೈನ್ಸಿನವರು ಎದುರು ಬಂದರೆ ರೆಕಾರ್ಡ್ ಬುಕ್ಕಿನ ಹೆಸರು ಬರೆದ ಬದಿ ಅವರಿಗೆ ಕಾಣುವ ಹಾಗೆ ತಿರುಗಿಸಿ ಎದೆಗೆ ಅವಚಿಕೊಳ್ಳುತ್ತಾರೆ.

“ಭೂಗೋಳ ಓದೋ ಭೂಪ ಬಂದ” ಎಂದು ನಮ್ಮಮ್ಮ ಮೊದಲನೇ ವಾರವೇ ನಾಮಕರಣ ಮಾಡಿದಳು. ಹೆಸರು ನಿಂತುಬಿಟ್ಟಿತು.

ಭೂಪನನ್ನು ಗುರುತಿಸುವುದು ಕಷ್ಟವಲ್ಲ. ಜೇಬಿನಲ್ಲಿ ಪೆನ್ನಿರುವ ಜಾಗದಲ್ಲಿ ಎರಡು ಬಣ್ಣದ ಪೆನ್ಸಿಲ್ ಇರುತ್ತವೆ. ನೀಲಿ ನೀರಿಗೆ, ಕಂದು ಸಮೋನ್ನತಿ ರೇಖೆಗೆ. ಫೋನಿನಲ್ಲಿ ಮಾತಾಡುತ್ತಲೇ ಕೈ ತಾನಾಗಿ ಭಾರತದ ನಕ್ಷೆ ಬರೆಯುತ್ತಿರುತ್ತದೆ, ಗುಜರಾತಿನ ಮೂತಿ ಸ್ವಲ್ಪ ದಪ್ಪಗೆ. ನಮ್ಮ ಮನೆಯ ಹಾಲಿನ ಲೆಕ್ಕದ ಪುಸ್ತಕ, ಕರೆಂಟ್ ಬಿಲ್ಲು, ಮದುವೆ ಕರೆಯೋಲೆಗಳ ಬೆನ್ನು, ಎಲ್ಲೆಲ್ಲೂ ಭಾರತ. ಲ್ಯಾಬ್ರಡಾರ್ ಶೀತಪ್ರವಾಹ ನ್ಯೂಫೌಂಡ್‌ಲ್ಯಾಂಡಿನ ಹತ್ತಿರ ಗಲ್ಫ್ ಪ್ರವಾಹವನ್ನು ಕೂಡಿ ದಟ್ಟ ಮಂಜು ಕವಿಯುತ್ತದೆಂದು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತಾನೆ. ರೇಷನ್ ಅಂಗಡಿಗೆ ಕಳಿಸಿದರೆ ದಾರಿ ತಪ್ಪುತ್ತಾನೆ. ನನ್ನ ಹೆಂಡತಿ ಒಮ್ಮೆ ಹೊಸ ಟೈಲರ್ ಅಂಗಡಿ ಎಲ್ಲಿ ಎಂದು ಕೇಳಿದ್ದಕ್ಕೆ “ಬಸ್‌ಸ್ಟ್ಯಾಂಡಿನಿಂದ ವಾಯವ್ಯಕ್ಕೆ ಹೋಗಿ ಅತ್ತೆ” ಅಂದ. ಅವಳು ಆಟೋದವನಿಗೂ ಹಾಗೇ ಹೇಳಿದಳು. ಅವನು ವಾಯವ್ಯಕ್ಕೆ ಡಬಲ್ ಚಾರ್ಜ್ ಕೇಳಿದ.

ಪ್ರಾಕೃತಿಕ ಭೂಗೋಳ ಎಂದರೆ ಶಿಲಾಗೋಳ, ವಾಯುಗೋಳ, ಜಲಗೋಳ, ಜೀವಗೋಳ ಅಂತ ನಾಲ್ಕು ಗೋಳ. ಮನೆಯಲ್ಲಿ ನಾವು ಅವನ್ನು ನಾಲ್ಕು ಗೋಳು ಎಂದೇ ಓದಿಕೊಂಡೆವು.

ಮೊದಲನೆಯ ಗೋಳು ಒಲೆಯ ಮೇಲೆ ಶುರುವಾಯಿತು. ಒಂದು ಬೆಳಿಗ್ಗೆ ನನ್ನ ಹೆಂಡತಿ ಹಾಲು ಕಾಯಲಿಟ್ಟು, “ಸ್ವಲ್ಪ ನೋಡ್ಕೊಳ್ಳಪ್ಪ, ಉಕ್ಕೀತು” ಎಂದು ಬಟ್ಟೆ ಒಣಹಾಕಲು ಮಹಡಿಗೆ ಹೋದಳು. ಅವನು ನೋಡಿಕೊಂಡ. ಹಾಲನ್ನು ಅಷ್ಟು ಶ್ರದ್ಧೆಯಿಂದ ನೋಡಿದವರನ್ನು ನಾನಂತೂ ಕಂಡಿಲ್ಲ. “ಮಾವ, ಬೇಗ ಬನ್ನಿ!” ಅಂದ. ಹೋದೆ. ತಳದ ಬಿಸಿ ಹಾಲು ಮೇಲೇಳುತ್ತದೆ, ಅಂಚಿಗೆ ಬಂದು ತಣಿದು ಕೆಳಗಿಳಿಯುತ್ತದೆ. ಭೂಮಿಯ ಒಳಗೂ ಹೀಗೇ, ಅಲ್ಲಿ ಬಂಡೆಯೇ ಕೋಟ್ಯಂತರ ವರ್ಷ ತಗೊಂಡು ಈ ಸುತ್ತು ಹಾಕುತ್ತದೆ ಎಂದ. ಮೇಲೆ ಕಟ್ಟಿದ ಕೆನೆ ಭೂಫಲಕ. “ನೋಡಿ, ಈ ಕೆನೆ ಆ ಕೆನೆಯನ್ನ ತಳ್ತಾ ಇದೆ. ನಡುವೆ ಸುಕ್ಕು ಎದ್ದಿತಲ್ಲ, ಅದೇ ಹಿಮಾಲಯ.” ನಾನೂ ಬಗ್ಗಿ ನೋಡಿದೆ. ನಿಜವಾಗಿಯೂ ಸುಕ್ಕೆದ್ದಿತ್ತು. ಖಂಡಗಳು ಅಲೆಯುತ್ತವೆ ಎಂದು 1912ರಲ್ಲಿ ವಾದಿಸಿದ ಜರ್ಮನಿಯ ಆಲ್ಫ್ರೆಡ್ ವೆಗೆನರ್ ಹವಾಮಾನದ ಮನುಷ್ಯ, ಅವನ ಮಾತನ್ನು ಕಲ್ಲಿನ ಪಂಡಿತರು ಕಿವಿಗೆ ಹಾಕಿಕೊಳ್ಳಲಿಲ್ಲ, ಅಷ್ಟು ದೊಡ್ಡ ಖಂಡವನ್ನು ತಳ್ಳುವ ಶಕ್ತಿ ಯಾವುದು ಎಂದರೆ ಅವನ ಹತ್ತಿರ ಸರಿಯಾದ ಉತ್ತರ ಇರಲಿಲ್ಲ, 1930ರಲ್ಲಿ ಗ್ರೀನ್‌ಲ್ಯಾಂಡಿನ ಹಿಮದಲ್ಲಿ ಪಾಪ ಸತ್ತೇಹೋದ... ಅಲ್ಲಿಗೆ ಬರುವಷ್ಟರಲ್ಲಿ ಹಿಮಾಲಯ ಪಾತ್ರೆಯ ಕಂಠ ದಾಟಿ, ಒಲೆ ಆರಿಸಿ, ಕಟ್ಟೆಯಿಂದ ನೆಲಕ್ಕಿಳಿಯುತ್ತಿತ್ತು. ನಾವಿಬ್ಬರೂ ವೆಗೆನರನ ದುಃಖದಲ್ಲಿದ್ದೆವು.

ಹೆಂಡತಿ ಬಾಗಿಲಲ್ಲಿ ನಿಂತಿದ್ದಳು. “ಇದು ಜ್ವಾಲಾಮುಖಿ ಅತ್ತೆ” ಅಂದ ಭೂಪ. ಆಮೇಲೆ ಆದದ್ದೂ ಅದೇ.

ಇಷ್ಟಕ್ಕೇ ಮುಗಿದಿದ್ದರೆ ಅರ್ಧ ಲೀಟರ್ ಹಾಲಿನ ಬಾಬತ್ತು. ಆದರೆ ಭಾರತದ ಫಲಕ ವರ್ಷಕ್ಕೆ ಸುಮಾರು 5 ಸೆಂಟಿಮೀಟರ್ ಉತ್ತರದ ಕಡೆಗೆ ಸರಿಯುತ್ತಿದೆ ಎಂಬುದನ್ನು ಅವನು ತೆಂಕಣ ಮನೆಯವರ ಹತ್ತಿರವೂ ಹೇಳಿದ್ದ. ಅವರ ಕಾಂಪೌಂಡು ಗೋಡೆ ನಮ್ಮ ಜಾಗದೊಳಕ್ಕೆ ಒಂದಡಿ ಬಂದಿದೆ ಎಂಬುದು ನಮ್ಮ ಹಳೆಯ ತಕರಾರು. ಮುಂದಿನ ಸಲ ನಾನು ಮಾತೆತ್ತಿದಾಗ ಅವರು ಶಾಂತವಾಗಿ ಹೇಳಿದರು: “ನಿಮ್ಮ ಹುಡುಗನೇ ಹೇಳಿದ್ನಲ್ಲ ಸಾರ್, ಎಲ್ಲ ತಾನಾಗೇ ಉತ್ತರಕ್ಕೆ ಸರೀತದಂತೆ.”

ಮಳೆಯ ವಿಷಯದಲ್ಲಿ ಅವನಿಗೆ ಎದುರಾಳಿ ನಮ್ಮಮ್ಮ. ಅವಳ ಲೆಕ್ಕ ನಕ್ಷತ್ರದ್ದು. ರೋಹಿಣಿ, ಮೃಗಶಿರಾ, ಆರಿದ್ರಾ, ಒಂದೊಂದಕ್ಕೆ ಹದಿಮೂರು ಹದಿನಾಲ್ಕು ದಿನ. ಇವನ ಲೆಕ್ಕ ಪರಿಸರಣ, ಆರೋಹ, ಆವರ್ತ. ಸಂಜೆ ಮೋಡ ಕವಿದರೆ ಜಗಲಿಯಲ್ಲಿ ಇಬ್ಬರೂ ಕೂತುಕೊಳ್ಳುತ್ತಿದ್ದರು. “ಇದು ಪರಿಸರಣ ಮಳೆ ಅಜ್ಜಿ. ಮಧ್ಯಾಹ್ನ ನೆಲ ಕಾದು ಗಾಳಿ ಮೇಲೇರಿ ಮೋಡ ಆಗಿದೆ.” “ಭರಣಿ ಮಳೆ ಕಣೋ.” “ಎರಡೂ ಒಂದೇ ಅಜ್ಜಿ.” “ಒಂದೇ ಆದ್ರೆ ಭರಣಿ ಅನ್ನು.” ಪಶ್ಚಿಮಘಟ್ಟಕ್ಕೆ ಬಡಿದು ಮೇಲೇರಿದ ಮೋಡ ಆಗುಂಬೆಯಲ್ಲೇ ಸುರಿದು ಖಾಲಿಯಾಗುತ್ತದೆ, ಇಳಿದು ಬರುವ ಗಾಳಿ ಒಣಗಾಳಿ, ಹಾಗಾಗಿ ದುರ್ಗಕ್ಕೆ ಅಲ್ಲಿನ ಹತ್ತರಲ್ಲೊಂದು ಪಾಲು ಮಳೆಯೂ ದಕ್ಕುವುದಿಲ್ಲ, ಇದು ಮಳೆ ನೆರಳಿನ ಪ್ರದೇಶ ಎಂದು ಚಿತ್ರ ಬರೆದು ತೋರಿಸಿದ. ಅಮ್ಮ ಚಿತ್ರವನ್ನು ಬಹಳ ಹೊತ್ತು ನೋಡಿದಳು. “ಬಿಸಿಲು ಕಡಿಮೆ ಇದ್ರೆ ನೆರಳು ಅನ್ನಬೇಕು. ಇಲ್ಲಿ ಬಿಸಿಲೇ ಜಾಸ್ತಿ, ಇದಕ್ಯಾವ ನೆರಳೋ?” ಪಠ್ಯಪುಸ್ತಕ ಮಾಡಿದವರು ಇದಕ್ಕೆ ಉತ್ತರ ಕೊಡಬೇಕು.

ಬೆಂಗಳೂರಿನ ನೆಂಟರು ಬಂದಾಗ ಕೋಟೆ ತೋರಿಸುವ ಕೆಲಸ ಅವನಿಗೆ ವಹಿಸಿದ್ದು ನನ್ನದೇ ತಪ್ಪು. ಓಬವ್ವನ ಕಿಂಡಿಯ ಮುಂದೆ ಮಕ್ಕಳು ಒನಕೆಯ ಕಥೆಗೆ ಬಾಯಿ ತೆರೆದು ನಿಂತಿದ್ದರೆ, ಇವನು ಬಂಡೆಯ ಸೀಳಿನಲ್ಲಿ ನೀರಿಳಿದು ಶಿಥಿಲೀಕರಣವಾಗುವ ಕಥೆ ಶುರುಮಾಡಿದ. ಗ್ರಾನೈಟಿಗೆ ಸುಮಾರು 260 ಕೋಟಿ ವರ್ಷ, ಹೈದರಾಲಿ ಬಂದದ್ದು ಮೊನ್ನೆ. ಹಿಡಿಂಬೇಶ್ವರನ ಗುಡಿಯಲ್ಲಿ ಹಿಡಿಂಬಾಸುರನ ಹಲ್ಲನ್ನು ಎಲ್ಲರೂ ಕೈ ಮುಗಿದು ನೋಡುವಾಗ ಇವನು ಗುಡಿಯ ಹಿಂದಿನ ಬಂಡೆಯನ್ನು ಕೈ ಮುಗಿಯುವುದೊಂದು ಬಾಕಿ, ಹಾಗೆ ನೋಡುತ್ತಿದ್ದ. ಅದು ಈರುಳ್ಳಿಯಂತೆ ಪದರ ಪದರವಾಗಿ ಸಿಪ್ಪೆ ಬಿಟ್ಟಿತ್ತು. ಹಗಲು ಕಾದು ರಾತ್ರಿ ತಣಿದು ಹೀಗಾಗುತ್ತದೆ ಎಂದು ಪುಸ್ತಕದಲ್ಲಿದೆ, ಆದರೆ ಮೇಲಿದ್ದ ಕಲ್ಲುಮಣ್ಣಿನ ಭಾರ ಇಳಿದಾಗಲೂ ಒಳಗಿನ ಬಂಡೆ ಹಿಗ್ಗಿ ಸಿಪ್ಪೆ ಬಿಡುತ್ತದೆ ಎಂದು ಲೆಕ್ಚರರ್ ಹೇಳಿದ್ದಾರೆ ಎಂದ.

“ಭಾರ ಇಳಿದ್ರೂ ಸಿಪ್ಪೆ ಸುಲೀತದಾ?” ಅಮ್ಮ ಕೇಳಿದಳು.

“ಹೂಂ ಅಜ್ಜಿ.”

“ನಿಮ್ಮವ್ವನ ಮದುವೆ ಮುಗಿದ ಮೇಲೆ ನಿಮ್ಮಜ್ಜಂಗೂ ಹಂಗೇ ಆಗಿತ್ತು.”

ಅವನ ಹುಚ್ಚಿಗೆ ನಾನೂ ಬಿದ್ದದ್ದು ಮರಡಿಹಳ್ಳಿಯಲ್ಲಿ. ಐಮಂಗಲದ ಹತ್ತಿರ, ನಾವು ಬೆಂಗಳೂರಿಗೆ ಹೋಗುವ ಹೆದ್ದಾರಿಯಿಂದ ದೂರವೇನೂ ಅಲ್ಲ. ಎಷ್ಟೋ ಸಲ ಆ ಕಡೆ ಹಾದುಹೋಗಿದ್ದೇನೆ, ಬಸ್ಸಿನಲ್ಲಿ ನಿದ್ದೆ ಮಾಡುತ್ತ. “ಅಲ್ಲಿ ದಿಂಬು ಲಾವಾ ಇದೆ ಮಾವ, ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ” ಎಂದು ಎರಡು ತಿಂಗಳು ಪೀಡಿಸಿದ. ರಾಷ್ಟ್ರೀಯ ಅಂದಮೇಲೆ ಪಾರ್ಕು, ಕಾರಂಜಿ, ಕಡೇಪಕ್ಷ ಒಂದು ಚುರುಮುರಿ ಗಾಡಿಯಾದರೂ ಇರುತ್ತದೆಂದು ಒಂದು ಭಾನುವಾರ ಬೈಕು ತೆಗೆದೆ. ಇದ್ದದ್ದು ಒಂದು ಸಣ್ಣ ದಿಬ್ಬ, ಜಾಲಿ ಗಿಡ, ಹತ್ತಿಪ್ಪತ್ತು ಮೇಕೆ. ನನ್ನ ಮುಖ ನೋಡಿ ಅವನು ಗಾಬರಿಯಾಗಿ ನನ್ನ ಕೈ ಹಿಡಿದು ಬಂಡೆಯ ಹತ್ತಿರ ಎಳೆದುಕೊಂಡು ಹೋದ. ಹತ್ತಿ ತುಂಬಿದ ದಿಂಬುಗಳನ್ನು ಒಂದರ ಮೇಲೊಂದು ಒತ್ತಿ ಪೇರಿಸಿದ ಹಾಗೆ, ಉಬ್ಬಿದ, ಅಂಚು ದುಂಡಗಾದ ಕಲ್ಲುಗಳು. ಲಾವಾ ನೀರಿನೊಳಗೆ ಉಕ್ಕಿದರೆ ಮಾತ್ರ ಹೀಗಾಗುವುದಂತೆ. ಬೆಂಕಿಯ ನಾಲಗೆ ನೀರಿಗೆ ತಾಗಿದ ಕೂಡಲೇ ಹೊರಗೆ ಸಿಪ್ಪೆ ಗಟ್ಟಿಯಾಗುತ್ತದೆ, ಒಳಗಿನದು ಒತ್ತಿ ಸಿಪ್ಪೆ ಒಡೆದು ಇನ್ನೊಂದು ದಿಂಬಾಗುತ್ತದೆ.

“ಹಾಗಾದ್ರೆ ಇಲ್ಲಿ ನೀರಿತ್ತಾ?”

“ಸಮುದ್ರ ಇತ್ತು ಮಾವ. ನೂರಾರು ಕೋಟಿ ವರ್ಷದ ಹಿಂದೆ.”

ಮೇಕೆಯವನು ನಮ್ಮನ್ನು ಸರ್ವೆಯವರು ಎಂದುಕೊಂಡು ಹತ್ತಿರ ಬಂದಿದ್ದ. “ಏನಂತೆ ಸ್ವಾಮಿ?” ಅಂದ. ಇಲ್ಲಿ ಸಮುದ್ರ ಇತ್ತಂತೆ ಅಂದೆ. ಅವನು ಸುತ್ತ ಒಮ್ಮೆ ನೋಡಿ, ಟವೆಲ್ಲಿನಿಂದ ಬೆವರು ಒರೆಸಿಕೊಂಡು, “ನಮ್ಮ ಬೋರಿಗೆ ಐನೂರು ಅಡಿಗೂ ಬರಲಿಲ್ಲ ನೋಡಿ” ಅಂದ. ಅವನ ದನಿಯಲ್ಲಿ ವ್ಯಂಗ್ಯ ಇರಲಿಲ್ಲ. ಸ್ವಲ್ಪ ತಡವಾಯಿತು ಎಂಬ ಬೇಸರ ಅಷ್ಟೇ. ವಾಪಸ್ ಬರುವಾಗ ನಾನು ಬೈಕನ್ನು ಎರಡು ಕಡೆ ನಿಲ್ಲಿಸಿದೆ, ರಸ್ತೆಗೆ ಕಡಿದ ದಿಬ್ಬದ ಮಣ್ಣಿನ ಪದರ ನೋಡಲು. ಇದು ನನ್ನ ಹೆಂಡತಿಗೆ ಇವತ್ತಿಗೂ ಗೊತ್ತಿಲ್ಲ.

2022ರ ಸೆಪ್ಟೆಂಬರಿನಲ್ಲಿ ಮಾರಿಕಣಿವೆಯ ವಾಣಿವಿಲಾಸ ಸಾಗರ ಕೋಡಿ ಬಿತ್ತು. 1933ರಲ್ಲಿ ಬಿದ್ದ ಮೇಲೆ ಅದೇ ಮೊದಲು. 89 ವರ್ಷ ಕಾದ ಜಿಲ್ಲೆಗೆ ಜಿಲ್ಲೆಯೇ ನೋಡಲು ಹೊರಟಿತು, ನಾವೂ ಹೊರಟೆವು. ಅಮ್ಮ ಕಣಿವೆ ಮಾರಮ್ಮನಿಗೆ ಹಣ್ಣುಕಾಯಿ ಮಾಡಿಸಿ, ತಾಯಿ ಕಣ್ಣು ಬಿಟ್ಟಳು ಅಂದಳು. ಭೂಪ ಇದು ಆವರ್ತ ಮಾರುತದ ಕೃಪೆ ಅಂದ. ಪಕ್ಕದಲ್ಲಿ ಸೆಲ್ಫಿ ತೆಗೆಯುತ್ತಿದ್ದವನೊಬ್ಬ ಭದ್ರಾ ನೀರು ಹರಿಸಿದ್ದನ್ನು ಯಾಕ್ರೀ ಮರೀತೀರಿ ಎಂದು ಜಗಳಕ್ಕೇ ಬಂದ. ಮೂವರದೂ ತಕ್ಕಮಟ್ಟಿಗೆ ಸರಿ ಎಂದು ನನ್ನ ಅಭಿಪ್ರಾಯ; ಅಲ್ಲಿ ಹೇಳಲಿಲ್ಲ. ಭೂಪನಿಗೆ ಮಾತ್ರ ನೀರಿಗಿಂತ ಗುಡ್ಡದ ಮೇಲೆ ಕಣ್ಣು. ವೇದಾವತಿ ಎರಡು ಗುಡ್ಡದ ನಡುವೆ ಇಕ್ಕಟ್ಟಿಗೆ ಸಿಕ್ಕಿಕೊಳ್ಳುವ ಜಾಗ ಇದು, ಅದಕ್ಕೇ 1907ರಲ್ಲಿ ಮುಗಿದ ಕಟ್ಟೆಯನ್ನು ಇಲ್ಲಿ ಕಟ್ಟಿದ್ದು, ಊರಿನ ಹೆಸರಲ್ಲೇ ಕಣಿವೆ ಇದೆಯಲ್ಲ ಎಂದು ಗುರುತಿಲ್ಲದ ಹತ್ತು ಜನಕ್ಕೆ ಹೇಳಿದ. ಒಬ್ಬರು ಅವನನ್ನು ಗೈಡು ಎಂದುಕೊಂಡು ಇಪ್ಪತ್ತು ರೂಪಾಯಿ ಕೊಟ್ಟರು. ಭೂಗೋಳದಿಂದ ನಮ್ಮ ಮನೆಗೆ ಬಂದ ಮೊದಲ ಆದಾಯ.

ಪ್ರಾಕ್ಟಿಕಲ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ನಮ್ಮ ಬೀದಿಯನ್ನು ಟೇಪು ಹಿಡಿದು ಅಳೆದು ಸ್ಕೇಲಿಗೆ ಇಳಿಸಲು ಇವನೂ ಇಬ್ಬರು ಗೆಳೆಯರೂ ಹೊರಟ ದಿನ, ರಸ್ತೆ ಅಗಲ ಮಾಡುತ್ತಾರೆ ಎಂಬ ಸುದ್ದಿ ಹತ್ತು ನಿಮಿಷದಲ್ಲಿ ಸರ್ಕಲ್ ಮುಟ್ಟಿತು. ಬೇಕರಿಯವನು ಮೂವರಿಗೂ ಎಗ್ ಪಫ್ ಕೊಟ್ಟು, ತನ್ನ ಮೆಟ್ಟಿಲನ್ನು ಬಿಟ್ಟು ಅಳೆಯಬೇಕೆಂದು ಕೇಳಿಕೊಂಡ. ಬಿಟ್ಟು ಅಳೆದರು.

ಇಷ್ಟೆಲ್ಲ ಓದಿದ ಹುಡುಗ ಸಮುದ್ರ ನೋಡಿರಲಿಲ್ಲ. ಸೆಕೆಂಡ್ ಪಿಯುಸಿಯ ಡಿಸೆಂಬರಿನಲ್ಲಿ ಕಾಲೇಜಿನ ಟೂರು ಮಲ್ಪೆಗೆ ಹೊರಟಿತು. ಚಂದ್ರ ಸೂರ್ಯರ ಸೆಳೆತ, ಅಮಾವಾಸ್ಯೆ ಹುಣ್ಣಿಮೆಗೆ ಉಬ್ಬರ ಹೆಚ್ಚು, ದಿನಕ್ಕೆ ಎರಡು ಸಲ ಏರಿ ಎರಡು ಸಲ ಇಳಿಯುತ್ತದೆ, ಪ್ರತಿದಿನ ಸುಮಾರು 50 ನಿಮಿಷ ತಡ ಎಂದು ಹಿಂದಿನ ರಾತ್ರಿ ನಮಗೆಲ್ಲ ಪಾಠ ಮಾಡಿದ. ಸಂಜೆ ಫೋನು ಬಂತು. ದೋಣಿಯಲ್ಲಿ ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗಿದ್ದರಂತೆ, ಲಾವಾ ತಣಿದು ಕಂಬ ಕಂಬವಾಗಿ ಸೀಳಿದ ಕಲ್ಲು ನೋಡಿದನಂತೆ, ಮಡಗಾಸ್ಕರ್ ನಮ್ಮಿಂದ ಬೇರೆಯಾದ ಕಾಲದ ಗುರುತಂತೆ. ದನಿ ನಡುಗುತ್ತಿತ್ತು. “ಸಮುದ್ರ ಹೆಂಗಿತ್ತೋ?” ಅಂದೆ. ಸ್ವಲ್ಪ ಹೊತ್ತು ಮಾತಿಲ್ಲ.

ಮಲ್ಪೆಯ ದಡದಲ್ಲಿ ಚಪ್ಪಲಿ ಬಿಟ್ಟು, ಅಲೆ ಮರಳಿನಲ್ಲಿ ಬರೆಯುವ ಗೆರೆಗಳ ಫೋಟೋ ತೆಗೆಯುತ್ತ ಒಂದು ತಾಸು ಅಡ್ಡಾಡಿದ್ದ. ಅಷ್ಟರಲ್ಲಿ ಉಬ್ಬರ ಏರಿತ್ತು. ಹೊಸ ಚಪ್ಪಲಿ, ನಾನೇ ಕೊಡಿಸಿದ್ದು, ನಾನೂರೈವತ್ತು ರೂಪಾಯಿ. ದುರ್ಗದವರೆಗೆ ಬರಿಗಾಲಲ್ಲಿ ಬಂದ.