ಮೂಲ: ಗೂಗಲ್

ನಾಯ್ಮಾರ್ಮೂಲೆಯಲ್ಲಿ ಬಸ್ಸು ಹತ್ತಿದರೆ ಸೀಟು ಬೆಚ್ಚಗಾಗುವ ಮೊದಲೇ ವಿದ್ಯಾನಗರ. ಅಲ್ಲಿ 1957ರಲ್ಲಿ ಆರಂಭವಾದ ಕಾಸರಗೋಡು ಸರಕಾರಿ ಕಾಲೇಜು, ಕಾಲೇಜಿನಲ್ಲಿ ಕನ್ನಡ ವಿಭಾಗ, ವಿಭಾಗವಿದ್ದಲ್ಲಿ ಸಂಶೋಧನಾರ್ಥಿ, ಸಂಶೋಧನಾರ್ಥಿ ಇದ್ದಲ್ಲಿ ಲಿಂಕೇಶ. ಇದು ಒಬ್ಬನ ಹೆಸರಲ್ಲ, ಒಂದು ಪಂಗಡದ್ದು. ಕಾಸರಗೋಡಿನಲ್ಲಿ ಇರುವಷ್ಟೇ ಕಲಬುರಗಿಯಲ್ಲೂ ಇದ್ದಾನೆ.

ಲಿಂಕೇಶನ ವಿಷಯ ಮಂಜೇಶ್ವರ ಗೋವಿಂದ ಪೈ. ಪೈಗಳು ಹಲವು ಭಾಷೆ ಕಲಿತು, ಶಾಸನ ಗ್ರಂಥಗಳನ್ನು ತಡಕಾಡಿ ಕವಿಗಳ ಕಾಲ ನಿರ್ಣಯಿಸಿದವರು. ಅವರ ಮೇಲಿನ ಅಧ್ಯಾಯಕ್ಕೆ ಇವನು ಕೊಟ್ಟ ಅಡಿಟಿಪ್ಪಣಿ ಎರಡೇ ಪದ: ‘ಮೂಲ: ಗೂಗಲ್’.

ಗೈಡ್ ಮೇಡಂ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ಗೂಗಲ್ ಎಂತ ಪುಸ್ತಕವಾ ಮಾರಾಯ? ಯಾರು ಬರೆದದ್ದು?”

“ಅಲ್ಲ ಮೇಡಂ, ಅಲ್ಲೇ ಸಿಕ್ಕಿದ್ದು.”

“ಲೈಬ್ರರಿಯಲ್ಲಿ ಸಿಕ್ಕಿದ ಪುಸ್ತಕಕ್ಕೆ ‘ಮೂಲ: ಕಪಾಟು’ ಅಂತ ಬರೀತೀಯಾ?”

ಮುಂದಿನ ವಾರ ಲಿಂಕೇಶ ಸುಧಾರಿಸಿದ್ದ. ವಿಕಿಪೀಡಿಯ ಪುಟದ ವಿಳಾಸವನ್ನು ಇದ್ದ ಹಾಗೆ ಅಂಟಿಸಿಕೊಂಡು ಬಂದಿದ್ದ. ಬ್ರೌಸರಿನಲ್ಲಿ ಮುದ್ದಾಗಿ ಕಾಣುವ ‘ಗೋವಿಂದ ಪೈ’ ವರ್ಡ್ ಕಡತಕ್ಕೆ ಇಳಿಯುತ್ತಲೇ ವೇಷ ಬದಲಿಸಿತ್ತು: ಶೇಕಡಾ ಚಿಹ್ನೆ, ಇ, ಸೊನ್ನೆ, ಮತ್ತೆ ಶೇಕಡಾ, ಬಿ, 2... ಯುನಿಕೋಡ್‌ನಲ್ಲಿ ಕನ್ನಡದ ಒಂದೊಂದು ವ್ಯಂಜನ, ಒಂದೊಂದು ಗುಣಿತ ಚಿಹ್ನೆಯೂ ಜಾಲವಿಳಾಸದಲ್ಲಿ ಹೀಗೆ ಒಂಬತ್ತು ಚಿಹ್ನೆಗಳಾಗಿ ಹಿಗ್ಗುತ್ತದೆ. ಹಾಗಾಗಿ ಈ ಎರಡು ಪದಕ್ಕೇ 70ಕ್ಕೂ ಹೆಚ್ಚು ಚಿಹ್ನೆ! ಪುಟದ ಅರ್ಧ ಭಾಗ ಅಡಿಟಿಪ್ಪಣಿ. ಲೇಖನದ ಹೆಸರು ಮಾತ್ರ ಎಲ್ಲೂ ಇಲ್ಲ, ನೋಡಿದ ದಿನಾಂಕವೂ ಇಲ್ಲ. ಎಂಎಲ್‌ಎ ಉಲ್ಲೇಖ ಪದ್ಧತಿ 2016ರ ಆವೃತ್ತಿಯಲ್ಲಿ ದಿನಾಂಕವನ್ನು ಐಚ್ಛಿಕ ಮಾಡಿತೆಂಬುದು ನಿಜ. ಆದರೆ ಬೆಳಗ್ಗೆ ಇದ್ದದ್ದು ಸಂಜೆಗೆ ಇರದ ವಿಕಿಪೀಡಿಯಕ್ಕೆ ಅದಿಲ್ಲದೆ ಆಗುವುದಿಲ್ಲ.

ಮೂರನೆಯ ಅವತಾರದಲ್ಲಿ ಅವನು ಲೇಖಕರನ್ನೂ ಹುಡುಕಿದ. ಇನ್ನೊಂದು ಜಾಲತಾಣದಲ್ಲಿ ‘ಅಡ್ಮಿನ್’ ಎಂದಿತ್ತು. ಅಕಾರಾದಿಯಲ್ಲಿ ಗ್ರಂಥಋಣ ಜೋಡಿಸಿದಾಗ ಗೋಪಾಲಕೃಷ್ಣ ಅಡಿಗರ ಪಕ್ಕದಲ್ಲೇ ಶ್ರೀಯುತ ಅಡ್ಮಿನ್ ಅವರಿಗೆ ಆಸನ ಸಿಕ್ಕಿತು. ಲೇಖಕರ ಹೆಸರು ಇಲ್ಲದಿದ್ದರೆ ಶೀರ್ಷಿಕೆಯಿಂದ ಆರಂಭಿಸಬೇಕೆಂಬ ನಿಯಮ ಅವನ ಕಿವಿಗೆ ಬಿದ್ದಿರಲಿಲ್ಲ.

ಲಿಂಕೇಶನ ದೃಢ ನಂಬಿಕೆ ಇನ್ನೊಂದಿದೆ: ಲಿಂಕ್ ಕೊಟ್ಟ ಮೇಲೆ ಎಷ್ಟು ಬೇಕಾದರೂ ನಕಲು ಹೊಡೆಯಬಹುದು. ಯುಜಿಸಿಯ 2018ರ ನಿಯಮ ಅಷ್ಟು ಉದಾರವಲ್ಲ. ಹೋಲಿಕೆ ಶೇ. 10ರವರೆಗೆ ಇದ್ದರೆ ಶಿಕ್ಷೆಯಿಲ್ಲ, ಶೇ. 60 ದಾಟಿದರೆ ನೋಂದಣಿಯೇ ರದ್ದು.

ಇಷ್ಟೆಲ್ಲ ಸರಿ ಮಾಡಿಕೊಂಡರೂ ಕೊಂಡಿ ಬಾಳುತ್ತದೆಂಬ ಖಾತ್ರಿಯಿಲ್ಲ. ಅಮೆರಿಕದ ಪ್ಯೂ ಸಂಸ್ಥೆ 2024ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, 2013ರಲ್ಲಿದ್ದ ಜಾಲಪುಟಗಳಲ್ಲಿ ಶೇ. 38 ಹತ್ತು ವರ್ಷದಲ್ಲಿ ಕಾಣೆಯಾಗಿವೆ. ಆದ್ದರಿಂದ ಲಿಂಕೇಶರೇ, ಲೇಖಕ, ಶೀರ್ಷಿಕೆ, ತಾಣದ ಹೆಸರು, ಪ್ರಕಟವಾದ ದಿನ, ವಿಳಾಸ, ನೋಡಿದ ದಿನ, ಇಷ್ಟನ್ನು ಓದಿದ ದಿನವೇ ಬರೆದಿಟ್ಟುಕೊಳ್ಳಿ. ಪುಟದ ಒಂದು ಪ್ರತಿಯನ್ನು ವೇಬ್ಯಾಕ್ ಮೆಷಿನ್‌ನಲ್ಲಿ ಉಳಿಸಿಡಿ. ಮೌಖಿಕ ಪರೀಕ್ಷೆಗೆ ಬಂದ ಪರೀಕ್ಷಕರು ಮೊದಲು ತೆರೆದು ನೋಡುವುದು ಕೊನೆಯ ಪುಟಗಳನ್ನೇ.