ಕಾರ್ಡಿನ ಅಡ್ಡಹೆಸರು

2025ರ ಅಕ್ಟೋಬರ್ 14ರಂದು ಮೈಕ್ರೋಸಾಫ್ಟ್ ವಿಂಡೋಸ್ 10ರಿಂದ ಕೈ ತೊಳೆದುಕೊಂಡಿತು. ವಿಂಡೋಸ್ 11 ಬೇಕೆಂದರೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಬೇಕು, ಹೊಸ ಪ್ರೊಸೆಸರ್ ಬೇಕು. ಹೀಗಾಗಿ ಹಿಂದಿನ ದಿನದವರೆಗೆ ಗಟ್ಟಿಮುಟ್ಟಾಗಿದ್ದ ಎಷ್ಟೋ ಕಂಪ್ಯೂಟರುಗಳು ರಾತ್ರಿ ಕಳೆಯುವುದರೊಳಗೆ ಮುದುಕರಾದವು. ಆದರೆ ಬೆಳಗಾವಿಯ ಶಿವಬಸವ ನಗರದಂಥ ಕಡೆ, ನಾಗನೂರು ರುದ್ರಾಕ್ಷಿ ಮಠ, ಎಂಜಿನಿಯರಿಂಗ್ ಕಾಲೇಜು, ವಿದ್ಯಾರ್ಥಿಗಳ ಬಾಡಿಗೆ ಖೋಲಿಗಳು ಒಂದಕ್ಕೊಂದು ಒತ್ತಿಕೊಂಡಿರುವ ಬಡಾವಣೆಯಲ್ಲಿ, ಓಡುವ ಯಂತ್ರವನ್ನು ಗುಜರಿಗೆ ಹಾಕುವುದು ಪಾಪಕ್ಕೆ ಸಮ. ಸೀನಿಯರ್‌ನಿಂದ ಜೂನಿಯರ್‌ಗೆ ಇಳಿದುಬಂದ ಡಬ್ಬಕ್ಕೆ ಉಬುಂಟುವನ್ನೋ ಲಿನಕ್ಸ್ ಮಿಂಟನ್ನೋ ಹಾಕುತ್ತಾರೆ. ಪರದೆ ಬೆಳಗುತ್ತದೆ, ವೈಫೈ ಹತ್ತುತ್ತದೆ, ಕನ್ನಡವೂ ಚೆನ್ನಾಗಿ ಮೂಡುತ್ತದೆ. ಇಲ್ಲಿಗೆ ನಿಲ್ಲಿಸಿದರೆ ಕಥೆ ಸುಖಾಂತ. ಹೊಸಬರು ಇಲ್ಲಿಗೆ ನಿಲ್ಲಿಸುವುದಿಲ್ಲ. ಒಳಗೊಂದು ಎನ್‌ವಿಡಿಯಾ ಗ್ರಾಫಿಕ್ಸ್ ಕಾರ್ಡಿದೆ, ಅದರ ‘ಒರಿಜಿನಲ್’ ಡ್ರೈವರ್ ಹಾಕದಿದ್ದರೆ ಏನೋ ಅನ್ಯಾಯವಾದಂತೆ ಎಂಬ ಚಡಪಡಿಕೆ ಶುರುವಾಗುತ್ತದೆ. ಅರ್ಧ ಗಂಟೆಯ ನಂತರ ಬರುವ ಫೋನಿನ ಮಾತು ಊರಿಗೆಲ್ಲ ಒಂದೇ: ‘ಸ್ಕ್ರೀನ್ ಕರ್ರಗ ಆಗೇತ್ರೀ, ಏನೂ ಬರವಲ್ದು.’ ಹಳೆಯ ಕಾರ್ಡು ಇಟ್ಟುಕೊಂಡ ಹೊಸಬರು ಕಂಪನಿಯ ಹಳೆಯ ಡ್ರೈವರಿನ ಬೆನ್ನು ಹತ್ತಬಾರದು, ಲಿನಕ್ಸಿನೊಳಗೇ ಬಂದದ್ದನ್ನು ಇಟ್ಟುಕೊಳ್ಳಬೇಕು ಎಂಬುದು ನನ್ನ ವಾದ. ಸೋಮಾರಿತನದ ವಾದದಂತೆ ಕಾಣುತ್ತದೆ. ಸ್ವಲ್ಪ ಮಟ್ಟಿಗೆ ಹೌದು ಕೂಡ.

ಮೊದಲ ತೊಡಕು ಕಾರ್ಡನ್ನು ಗುರುತಿಸುವುದರಲ್ಲೇ ಇದೆ. ನಮ್ಮ ಓಣಿಯಲ್ಲಿ ನಾಲ್ಕು ಮಂದಿ ಬಸವರಾಜರಿದ್ದರೆ ಅಡ್ಡಹೆಸರು ಕೇಳದೆ ಯಾರೂ ಮನೆ ತೋರಿಸುವುದಿಲ್ಲ. ಎನ್‌ವಿಡಿಯಾ ಕಾರ್ಡುಗಳಿಗೂ ಅಡ್ಡಹೆಸರುಗಳಿವೆ: ಟೆಸ್ಲಾ, ಫರ್ಮಿ, ಕೆಪ್ಲರ್, ಮ್ಯಾಕ್ಸ್‌ವೆಲ್, ಪ್ಯಾಸ್ಕಲ್. ಎಲ್ಲವೂ ವಿಜ್ಞಾನಿಗಳ ಹೆಸರು, ಒಂದೂ ಡಬ್ಬದ ಮೇಲೆ ಕಾಣುವಂತೆ ಬರೆದಿರುವುದಿಲ್ಲ. ಜೀಫೋರ್ಸ್ 210 ಟೆಸ್ಲಾ ಮನೆತನದ್ದು, ಅದಕ್ಕೆ 340ರ ಸಾಲಿನ ಡ್ರೈವರ್; ಆ ಸಾಲಿನ ಕೊನೆಯ ಕಂತು 340.108 ಬಂದದ್ದು 2019ರ ಡಿಸೆಂಬರಿನಲ್ಲಿ. ಜಿಟಿ 610 ಫರ್ಮಿ, ಅದಕ್ಕೆ 390. ಅದು 2022ರಲ್ಲಿ ಕಣ್ಣು ಮುಚ್ಚಿತು. ಜಿಟಿ 710 ಕೆಪ್ಲರ್, ಅದಕ್ಕೆ 470. ಅದರ ಆಯುಷ್ಯ 2024ಕ್ಕೆ ಮುಗಿಯಿತು. ಇನ್ನು ಜಿಟಿ 730 ಎಂಬ ಮಹಾಶಯನ ಕಥೆಯೇ ಬೇರೆ. ಅದೇ ಹೆಸರಿನಲ್ಲಿ ಕಂಪನಿ ಫರ್ಮಿಯನ್ನೂ ಮಾರಿದೆ, ಕೆಪ್ಲರನ್ನೂ ಮಾರಿದೆ. ಇಬ್ಬರು ಗೆಳೆಯರು ಒಂದೇ ಹೆಸರಿನ ಕಾರ್ಡು ತಂದು, ಒಬ್ಬನದು ಓಡಿ ಇನ್ನೊಬ್ಬನದು ಕೆಟ್ಟರೆ, ಕೆಟ್ಟವನು ತನ್ನ ಗ್ರಹಚಾರವನ್ನು ಹಳಿಯುತ್ತಾನೆ. ತಪ್ಪು ಗ್ರಹದ್ದಲ್ಲ.

ಅಡ್ಡಹೆಸರು ಪತ್ತೆಯಾದರೂ ಸಂಕಟ ತೀರುವುದಿಲ್ಲ. ಲಿನಕ್ಸಿನ ತಿರುಳಾದ ಕರ್ನೆಲ್ ಒಂಬತ್ತು-ಹತ್ತು ವಾರಕ್ಕೊಮ್ಮೆ ಹೊಸ ಆವೃತ್ತಿ ತರುತ್ತದೆ. ಮೇಲೆ ಓಡುವ ಪ್ರೋಗ್ರಾಮುಗಳನ್ನು ಕೆಡಿಸುವುದಿಲ್ಲ ಎಂಬುದು ಅದರ ವಚನ. ಒಳಗಿನ ವ್ಯವಸ್ಥೆ ಹೀಗೇ ಇರುತ್ತದೆ ಎಂದು ಅದು ಯಾರಿಗೂ ಮಾತು ಕೊಟ್ಟಿಲ್ಲ. ಕರ್ನೆಲ್ಲಿನ ಒಳಗೇ ಇರುವ ಡ್ರೈವರಿಗೆ ಇದರಿಂದ ತೊಂದರೆಯಿಲ್ಲ. ಒಳಗೆ ಏನನ್ನಾದರೂ ಬದಲಿಸಿದವರೇ, ಅದನ್ನು ಬಳಸುವ ಎಲ್ಲ ಡ್ರೈವರುಗಳನ್ನೂ ಸರಿಪಡಿಸಿ ಕೊಡಬೇಕೆಂಬುದು ಅಲ್ಲಿನ ಕಟ್ಟಳೆ. ಹೊರಗಿನಿಂದ ಬಂದದ್ದಕ್ಕೆ ಆ ಭಾಗ್ಯವಿಲ್ಲ. ಎನ್‌ವಿಡಿಯಾದ ಹಳೆಯ ಡ್ರೈವರಿನಲ್ಲಿ ಕರ್ನೆಲ್ಲಿಗೆ ತಾಗುವ ತೆಳು ಭಾಗದ ಮೂಲ ಮಾತ್ರ ಓದಲು ಸಿಗುತ್ತದೆ, ಹೊಟ್ಟೆಯ ಭಾಗ ಮುಚ್ಚಿಟ್ಟದ್ದು. ಆದ್ದರಿಂದ 2019ಕ್ಕೆ ನಿಂತ ಡ್ರೈವರ್ ಏನೂ ತಪ್ಪು ಮಾಡದೆಯೂ ಇವತ್ತಿನ ಕರ್ನೆಲ್ಲಿಗೆ ಕೂಡುವುದಿಲ್ಲ. ಪರೋಪಕಾರಿಗಳು ಆ ತೆಳು ಭಾಗಕ್ಕೆ ತೇಪೆ ಬರೆದು ಹಂಚುತ್ತಾರೆ, ನಿಜ. ಮುಂದಿನ ಕರ್ನೆಲ್ ಬಂದಾಗ ತೇಪೆಗೇ ತೇಪೆ ಬೇಕಾಗುತ್ತದೆ.

ಆದರೂ ಹಟ ಬಿಡದವರು ಎನ್‌ವಿಡಿಯಾದಿಂದ ‘.ರನ್’ ಕಡತವನ್ನು ಇಳಿಸಿಕೊಳ್ಳುತ್ತಾರೆ. ಎರಡು ಬಾರಿ ಕ್ಲಿಕ್ ಮಾಡಿದರೆ ಏನೂ ಆಗುವುದಿಲ್ಲ. ಟರ್ಮಿನಲ್ಲಿನಲ್ಲಿ ಓಡಿಸಿದರೆ, ನೀವು ಎಕ್ಸ್ ಸರ್ವರ್ ನಡೆಸುತ್ತಿದ್ದೀರಿ, ಮೊದಲು ಅದನ್ನು ಮುಚ್ಚಿ ಬನ್ನಿ ಎಂದು ಅದು ಗದರುತ್ತದೆ. ಎಕ್ಸ್ ಮುಚ್ಚುವುದೆಂದರೆ ಇಡೀ ಪರದೆ ಹೋಗಿ ಬರೀ ಅಕ್ಷರ ಉಳಿಯುವುದು. ಮುಂದೇನು ಮಾಡಬೇಕೆಂದು ಓದುತ್ತಿದ್ದ ಕಿಟಕಿಯೂ ಅದರ ಜೊತೆಗೇ ಹೋಗುತ್ತದೆ. ಮೊಬೈಲಿನಲ್ಲಿ ನೋಡಿಕೊಂಡು ಮತ್ತೆ ಓಡಿಸಿದರೆ ಜಿಸಿಸಿ ಎಂಬ ಕಂಪೈಲರ್ ಇಲ್ಲ ಅನ್ನುತ್ತದೆ. ಅದನ್ನು ತಂದರೆ ಕರ್ನೆಲ್ ಹೆಡರ್ ಎಲ್ಲಿ ಅನ್ನುತ್ತದೆ. ಅದನ್ನೂ ತಂದರೆ ನೂವೋ ಇನ್ನೂ ಕೆಲಸದಲ್ಲಿದೆ, ಅದನ್ನು ಮೊದಲು ಬಿಡಿಸಿ ಅನ್ನುತ್ತದೆ. ಸರ್ಕಾರಿ ಕಚೇರಿ ಸುತ್ತಿ ಅಭ್ಯಾಸವಿದ್ದವರಿಗೂ ಇಲ್ಲಿ ಸಹನೆ ಸಾಲದು.

ಈ ನೂವೋ ಎಂಬುದೇ ಒಳಗಿನ ಡ್ರೈವರ್. ಎನ್‌ವಿಡಿಯಾ ದಾಖಲೆ ಕೊಡದಿದ್ದಾಗ, ಕಾರ್ಡು ಏನು ಕೇಳಿದರೆ ಏನು ಹೇಳುತ್ತದೆಂದು ಹೊರಗಿನಿಂದಲೇ ಗಮನಿಸಿ ಗಮನಿಸಿ ಬರೆದದ್ದು. 2010ರಲ್ಲಿ ಕರ್ನೆಲ್ಲಿಗೆ ಸೇರಿತು. ಅದು ನಿಧಾನ ಎಂಬ ಆಕ್ಷೇಪವಿದೆ, ಸುಳ್ಳಲ್ಲ. ಎಷ್ಟೋ ಕಾರ್ಡುಗಳನ್ನು ಅದು ಪೂರ್ತಿ ವೇಗಕ್ಕೆ ಏರಿಸಲಾರದು. ಆದರೆ ಜೀಫೋರ್ಸ್ 210 ಪೂರ್ತಿ ವೇಗದಲ್ಲಿ ಓಡಿದರೂ ಎಲ್ಲಿಗೆ ಮುಟ್ಟುತ್ತದೆ? ಅದರಿಂದ ಆಗಬೇಕಾದದ್ದು ಪರದೆಯ ಮೇಲೆ ಅಕ್ಷರ, ಚಿತ್ರ, ಸಿನಿಮಾ. ಅಷ್ಟು ನೂವೋದಿಂದ ಆಗುತ್ತದೆ. ಹಳೆಯದೆಂದ ಮಾತ್ರಕ್ಕೆ ಎಲ್ಲ ಕಾರ್ಡಿಗೂ ನನ್ನ ಮಾತು ಅನ್ವಯಿಸದು, ಒಪ್ಪುತ್ತೇನೆ: 900ರ ಮತ್ತು 1000ದ ಸಾಲಿನ, ಅಂದರೆ ಮ್ಯಾಕ್ಸ್‌ವೆಲ್ ಮತ್ತು ಪ್ಯಾಸ್ಕಲ್ ಮನೆತನದ, ಕಾರ್ಡುಗಳಲ್ಲಿ ಕಂಪನಿ ಸಹಿ ಮಾಡಿದ ಫರ್ಮ್‌ವೇರ್ ಇಲ್ಲದೆ ವೇಗ ಏರುವುದೇ ಇಲ್ಲ. ಅಂಥವರು 580ರ ಸಾಲಿನ ಡ್ರೈವರನ್ನು, ಅದೂ ತಮ್ಮ ಲಿನಕ್ಸಿನ ಸ್ವಂತ ಭಂಡಾರದಿಂದಲೇ ಹಾಕಿಕೊಳ್ಳಲಿ. ಆ ಮನೆತನಗಳಿಗೂ ಅದೇ ಕೊನೆಯ ಸಾಲು.

ಕೊನೆಯ ವರ್ಷದ ಪ್ರಾಜೆಕ್ಟಿಗೆ, ಕಾರ್ಡಿನ ಮೇಲೆ ಲೆಕ್ಕ ಓಡಿಸುವ ಕಂಪನಿಯ ‘ಕೂಡಾ’ (CUDA) ಬೇಕಲ್ಲ ಎನ್ನುವ ವಿದ್ಯಾರ್ಥಿಯ ಆಕ್ಷೇಪ ನಿಧಾನದ ಆಕ್ಷೇಪಕ್ಕಿಂತ ಗಟ್ಟಿ. ಆದರೆ ಕೂಡಾ 9 ಫರ್ಮಿಯನ್ನು ಕೈಬಿಟ್ಟಿತು, ಕೂಡಾ 12 ಕೆಪ್ಲರನ್ನು ಕೈಬಿಟ್ಟಿತು. ಹಳೆಯ ಡ್ರೈವರಿನ ಜೊತೆ ಮೂರು ರಾತ್ರಿ ಕುಸ್ತಿ ಮಾಡಿ ಗೆದ್ದರೂ ಯಂತ್ರಕಲಿಕೆಗೆ ಬಳಸುವ ಈಗಿನ ಪೈಟಾರ್ಚ್ ಆ ಕಾರ್ಡನ್ನು ಮೂಸಿಯೂ ನೋಡುವುದಿಲ್ಲ. ಗೂಗಲ್ ಕೊಲ್ಯಾಬಿನಲ್ಲಿ ಪುಕ್ಕಟೆ ಸಿಗುವ ಕಾರ್ಡೇ ಇದಕ್ಕಿಂತ ಎಷ್ಟೋ ಬಲಶಾಲಿ.

ವಿಂಡೋಸಿನಲ್ಲಿ ಹಳೆಯ ಡ್ರೈವರ್ ಇವತ್ತಿಗೂ ಓಡುತ್ತದಲ್ಲ, ಲಿನಕ್ಸಿಗೇ ಯಾಕೆ ಈ ರೋಗ ಎಂದು ಕೇಳುವವರಿದ್ದಾರೆ. ರೋಗ ಲಿನಕ್ಸಿನದಾಗಿದ್ದರೆ ಹಳೆಯ ರೇಡಿಯಾನ್ ಕಾರ್ಡುಗಳೂ ನರಳಬೇಕಿತ್ತು. ಅವುಗಳ ಕಂಪನಿ ಎಎಂಡಿ 2007ರಲ್ಲೇ ದಾಖಲೆ ಬಿಚ್ಚಿಡಲು ಶುರುಮಾಡಿತು, ಆ ಕಾಲದ ರೇಡಿಯಾನ್‌ಗಳು ಈಗಲೂ ಏನೂ ಹಾಕದೆ ಓಡುತ್ತವೆ. ಲಿನಕ್ಸನ್ನು ಹುಟ್ಟುಹಾಕಿದ ಲೀನಸ್ ಟೋರ್ವಾಲ್ಡ್ಸ್ 2012ರಲ್ಲಿ ಫಿನ್ಲೆಂಡಿನ ಆಲ್ಟೊ ವಿಶ್ವವಿದ್ಯಾಲಯದ ಸಭೆಯಲ್ಲಿ ಎನ್‌ವಿಡಿಯಾ ಹೆಸರು ಬಂದಾಗ ಕ್ಯಾಮೆರಾಕ್ಕೆ ಮಧ್ಯದ ಬೆರಳು ತೋರಿಸಿದ್ದರು. ಸಭ್ಯತೆಯ ಮಾತು ಬೇರೆ, ಕಾರಣ ಮಾತ್ರ ಇತ್ತು. ಕಂಪನಿ ತನ್ನ ಡ್ರೈವರಿನ ಕರ್ನೆಲ್ ಭಾಗವನ್ನು ತೆರೆದದ್ದು 2022ರಲ್ಲಿ, ಅದೂ ಪ್ಯಾಸ್ಕಲ್‌ಗಿಂತ ಹೊಸದಾದ ಟ್ಯೂರಿಂಗ್ ಮನೆತನ ಮತ್ತು ಅದರ ನಂತರದ ಕಾರ್ಡುಗಳಿಗಷ್ಟೇ.

ಈಗಾಗಲೇ ಕಪ್ಪು ಪರದೆಯ ಮುಂದೆ ಕೂತಿದ್ದರೆ ಕಂಟ್ರೋಲ್, ಆಲ್ಟ್, ಎಫ್3 ಕೂಡಿಸಿ ಒತ್ತಿ, ಲಾಗಿನ್ ಆಗಿ, ಹಾಕಿದ ಡ್ರೈವರನ್ನು ತೆಗೆಯಿರಿ. ‘.ರನ್’ ಕಡತದಿಂದ ಹಾಕಿದ್ದರೆ ‘ಎನ್‌ವಿಡಿಯಾ-ಅನ್‌ಇನ್‌ಸ್ಟಾಲ್’ (nvidia-uninstall) ಆಜ್ಞೆ ಕೊಡಿ. ನೂವೋವನ್ನು ತಡೆಯಲು ಮಾಡ್‌ಪ್ರೋಬ್ ಫೋಲ್ಡರಿನಲ್ಲಿ ಬರೆದ ಕಡತವನ್ನೂ ಅಳಿಸಿ, ಇನಿಟ್‌ರಾಮ್‌ಎಫ್‌ಎಸ್ (initramfs) ನವೀಕರಿಸಿ, ಆಮೇಲೆ ರೀಬೂಟ್ ಮಾಡಿ. ಆ ಕಡತ ಉಳಿದರೆ ಕಂಪನಿಯ ಡ್ರೈವರೂ ಇಲ್ಲ, ನೂವೋವೂ ಬರುವುದಿಲ್ಲ.