ಅಂಕಾರಾದ 13 ಮಹನೀಯರಿಗೆ ಒಂದು ಅಭಿನಂದನಾ ಪತ್ರ

ಗೆ,
ಅಧ್ಯಕ್ಷರು ಮತ್ತು ಸದಸ್ಯರು,
ನ್ಯಾಯಾಧೀಶರ ಹಾಗೂ ಪ್ರಾಸಿಕ್ಯೂಟರ್‌ಗಳ ಮಂಡಳಿ, ಅಂಕಾರಾ, ಟರ್ಕಿ.

ಮಾನ್ಯರೇ,

ಸರ್ಕಾರಕ್ಕೂ ನ್ಯಾಯಾಂಗಕ್ಕೂ ಹೊಂದಾಣಿಕೆಯಿಲ್ಲ ಎಂಬ ದೂರು ಎಲ್ಲ ದೇಶಗಳಲ್ಲೂ ಇದೆ. ತಮ್ಮಲ್ಲಿ ಮಾತ್ರ ಅದನ್ನು ಬುಡಸಮೇತ ಕಿತ್ತುಹಾಕಿದ್ದಾಗಿದೆ. 2017ರ ಜನಮತಗಣನೆಯ ನಂತರ, ನ್ಯಾಯಾಧೀಶರ ಬಡ್ತಿ, ಎತ್ತಂಗಡಿ ನೋಡುವ ತಮ್ಮ ಮಂಡಳಿಯ ಸದಸ್ಯರ ಸಂಖ್ಯೆ 22ರಿಂದ 13ಕ್ಕೆ ಇಳಿಯಿತು. ನಾಲ್ವರನ್ನು ರಾಷ್ಟ್ರಾಧ್ಯಕ್ಷರು ನೇಮಿಸುತ್ತಾರೆ, ಏಳು ಮಂದಿಯನ್ನು ಸಂಸತ್ತು ಆರಿಸುತ್ತದೆ. ಇನ್ನಿಬ್ಬರು ನ್ಯಾಯಮಂತ್ರಿ ಮತ್ತು ಉಪಮಂತ್ರಿ. ಅಧ್ಯಕ್ಷಗಿರಿ ಮಂತ್ರಿಗಳದ್ದೇ. ನ್ಯಾಯಾಧೀಶರು ತಾವೇ ಆರಿಸಿದ ಸದಸ್ಯ ಒಬ್ಬನೂ ಇಲ್ಲ. ತೀರ್ಪು ಬರೆದು ದಣಿದವರಿಗೆ ಮತ ಹಾಕುವ ತೊಂದರೆ ಬೇರೆ ಯಾಕೆ, ಅಲ್ಲವೇ?

ಮಂಡಳಿಯ ಚುರುಕುತನವೂ ದೊಡ್ಡದು. 2016ರ ಜುಲೈ 15ರ ರಾತ್ರಿ ಸೇನಾ ದಂಗೆಯ ಯತ್ನ ನಡೆಯಿತು. ಮರುದಿನವೇ 2,745 ನ್ಯಾಯಾಧೀಶರು ಮತ್ತು ಪ್ರಾಸಿಕ್ಯೂಟರ್‌ಗಳು ಅಮಾನತಾದರು. ನಮ್ಮಲ್ಲಿ ಜಮೀನು ವ್ಯಾಜ್ಯದ ಒಂದು ನೋಟಿಸ್ ಜಾರಿಯಾಗಲು ತಿಂಗಳುಗಟ್ಟಲೆ ಬೇಕು. ಪಟ್ಟಿ ಮೊದಲೇ ಸಿದ್ಧವಿತ್ತೆಂದು ಕೊಂಕು ತೆಗೆಯುವವರಿಗೆ ಕಾರ್ಯದಕ್ಷತೆಯ ಬೆಲೆ ಏನು ಗೊತ್ತು!

2020ರ ಫೆಬ್ರುವರಿ 18ರ ಮಾತು ಕೇಳಿ. ಸರ್ಕಾರದ ವಿರುದ್ಧ ನಡೆದಿದ್ದ ಗೆಜಿ ಪಾರ್ಕ್ ಪ್ರತಿಭಟನೆಯ ಮೊಕದ್ದಮೆಯಲ್ಲಿ ಉದ್ಯಮಿ ಒಸ್ಮಾನ್ ಕವಾಲಾ ಖುಲಾಸೆಯಾದರು. ಜೈಲಿನಿಂದ ಮನೆ ಸೇರುವ ಮೊದಲೇ, ಅದೇ ದಿನ, ಬೇರೊಂದು ಆರೋಪದಡಿ ಅವರನ್ನು ಮತ್ತೆ ಹಿಡಿದರು. ಮರುದಿನ ರಾಷ್ಟ್ರಾಧ್ಯಕ್ಷ ಎರ್ಡೊಗಾನ್ ಖುಲಾಸೆಯನ್ನು ಟೀಕಿಸಿದರು. ಖುಲಾಸೆ ಮಾಡಿದ ಮೂವರು ನ್ಯಾಯಾಧೀಶರ ಮೇಲೆ ತಾವು ತನಿಖೆಗೆ ಅಪ್ಪಣೆ ಕೊಟ್ಟಿರಿ. ಆರೋಪಿಗೆ ಬಿಡುಗಡೆ ಕೊಡಹೋದವರೇ ಆರೋಪಿಗಳಾದರು.

ತಮ್ಮ ಕೋರ್ಟುಗಳಲ್ಲಿ ಪ್ರಾಸಿಕ್ಯೂಟರ್ ಕೂರುವುದು ನ್ಯಾಯಾಧೀಶರ ಪಕ್ಕದಲ್ಲಿ, ಎತ್ತರದ ಪೀಠದ ಮೇಲೆ. ಆರೋಪಿಯ ವಕೀಲರು ಕೆಳಗೆ. ಇದು ಬಡಗಿಯ ತಪ್ಪು ಎಂದು ಅಲ್ಲಿನ ವಕೀಲರು ತಮಾಷೆ ಮಾಡುತ್ತಾರಂತೆ. ಪಾಪ, ಬಡಗಿಯದೇನು ತಪ್ಪು? ನ್ಯಾಯಾಧೀಶರು, ಪ್ರಾಸಿಕ್ಯೂಟರ್ ಇಬ್ಬರ ಬಡ್ತಿ, ಶಿಸ್ತುಕ್ರಮ, ಎತ್ತಂಗಡಿ ಎಲ್ಲವೂ ಒಂದೇ ಮಂಡಳಿಯ ಕೈಯಲ್ಲಿರುವಾಗ ಕುರ್ಚಿ ದೂರ ಹಾಕಿ ಏನು ಪ್ರಯೋಜನ?

ಎಲ್ಲಕ್ಕೂ ಕಳಶವಿಟ್ಟಂತೆ ತಮ್ಮ ಸಂವಿಧಾನದ 159ನೇ ವಿಧಿಯಿದೆ. ಸೇವೆಯಿಂದ ವಜಾ ಮಾಡಿದ ಆದೇಶವೊಂದನ್ನು ಬಿಟ್ಟು ತಮ್ಮ ಯಾವ ನಿರ್ಧಾರವನ್ನೂ ಕೋರ್ಟಿನಲ್ಲಿ ಪ್ರಶ್ನಿಸುವಂತಿಲ್ಲ. ಊರಿನವರ ತಂಟೆ ತಕರಾರನ್ನೆಲ್ಲ ಬಗೆಹರಿಸುವ ನ್ಯಾಯಾಧೀಶರು, ತಮ್ಮದೇ ಎತ್ತಂಗಡಿಯ ದೂರನ್ನು ಮಾತ್ರ ಎತ್ತಂಗಡಿ ಮಾಡಿದವರ ಮುಂದೆಯೇ ತೋಡಿಕೊಳ್ಳಬೇಕು.

ಭಾರತದ ನಮ್ಮ ವ್ಯವಸ್ಥೆ ಮಹಾ ಮಾದರಿ ಎಂದು ಬೀಗುತ್ತಿಲ್ಲ. ಕಾನೂನು ಮಂತ್ರಿಗೂ ಜಾಗವಿದ್ದ ನ್ಯಾಯಾಂಗ ನೇಮಕಾತಿ ಆಯೋಗವನ್ನು ನಮ್ಮ ಸುಪ್ರೀಂ ಕೋರ್ಟ್ 2015ರಲ್ಲಿ ರದ್ದು ಮಾಡಿತು. ಈಗಲೂ ಕೊಲಿಜಿಯಂನ ನ್ಯಾಯಮೂರ್ತಿಗಳೇ ಮುಚ್ಚಿದ ಬಾಗಿಲ ಹಿಂದೆ ನ್ಯಾಯಮೂರ್ತಿಗಳನ್ನು ಆರಿಸುತ್ತಾರೆ. ಅದಕ್ಕೂ ಮದ್ದು ಬೇಕು. ಆದರೆ ಆ ಮದ್ದು ತಮ್ಮ ಅಂಗಡಿಯದ್ದಂತೂ ಅಲ್ಲ.

ಬೇಡಿಕೆ ಎರಡೇ. ಮಂತ್ರಿಗಳನ್ನು ಆ ಕುರ್ಚಿಯಿಂದ ಎಬ್ಬಿಸಿ. ನ್ಯಾಯಾಧೀಶರಿಗೂ ಕೋರ್ಟಿನ ಮೆಟ್ಟಿಲೇರುವ ಹಕ್ಕು ಕೊಡಿ. ಕೆಲಸ ಉಳಿಯುತ್ತದೋ ಇಲ್ಲವೋ ಎಂದು ಹೆದರುವ ನ್ಯಾಯಾಧೀಶರಿಂದ ಜನರಿಗೆ ನ್ಯಾಯ ಸಿಗುವುದಿಲ್ಲ.

ಇಂತಿ,
ಕೋರ್ಟು ಕಟ್ಟೆ ಹತ್ತಿ ಗೊತ್ತಿರುವ ಒಬ್ಬ ಕನ್ನಡಿಗ